ಓದಿದ ಮೇಲೆ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ

ಪರೀಕ್ಷೆ ಹತ್ತಿರ ಬಂತೆಂದರೆ ಮಂಗಳೂರಿನ ನನ್ನ ಕ್ಲಿನಿಕ್ಕಿಗೆ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು ಬರುತ್ತಾರೆ. ‘ಓದಿದ್ದು ತಲೆಯಲ್ಲಿ ನಿಲ್ಲೋದಿಲ್ಲ ಡಾಕ್ಟ್ರೇ.’ ಒಂದೆಲಗದ ತಂಬುಳಿ ಆಗಲೇ ಶುರುವಾಗಿರುತ್ತದೆ. ನಾನು ಮಕ್ಕಳನ್ನು ಕೇಳುವುದು ಬೇರೆ: ಪುಸ್ತಕ ಮುಚ್ಚಿದ ತಕ್ಷಣ ಏನು ಮಾಡ್ತೀ? ‘ರೀಲ್ಸ್ ನೋಡ್ತೇನೆ. ರೆಸ್ಟ್ ಬೇಕಲ್ವಾ?’

ಅದು ರೆಸ್ಟ್ ಅಲ್ಲ. ಕಲಿತದ್ದು ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ಹೊಸತು ಸುರಿದಂತೆ. ನೆನಪು ಗಟ್ಟಿಯಾಗುವುದು ನಿದ್ದೆಯಲ್ಲಿ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಎಚ್ಚರದಲ್ಲಿ ಸುಮ್ಮನಿದ್ದಾಗಲೂ ಆ ಕೆಲಸ ನಡೆಯುತ್ತದೆ. ಓಡಿ ಬಂದು ನಿಂತ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ (ಮೆದುಳಿನಲ್ಲಿ ಹೊಸ ನೆನಪು ಕೂಡಿಸುವ ಭಾಗ) ಆಗಷ್ಟೇ ಓಡಿದ ದಾರಿಯ ನೆನಪು ಕೊನೆಯಿಂದ ಮೊದಲಿಗೆ, ಬಹಳ ವೇಗವಾಗಿ ಮತ್ತೆ ಓಡುವುದನ್ನು 2006ರಲ್ಲಿ ಅಮೆರಿಕದ ಎಂಐಟಿ ವಿಜ್ಞಾನಿಗಳು ಕಂಡರು. 2021ರಲ್ಲಿ ಮನುಷ್ಯರ ಸರದಿ. ಎಡಗೈಯಲ್ಲಿ ಅಂಕಿಗಳನ್ನು ಹತ್ತು ಸೆಕೆಂಡ್ ಟೈಪ್ ಮಾಡುವುದು, ಹತ್ತು ಸೆಕೆಂಡ್ ಬಿಡುವು. ಆ ಬಿಡುವಿನಲ್ಲಿ ಮೆದುಳು ಅದೇ ಅಭ್ಯಾಸವನ್ನು ಸುಮಾರು 20 ಪಟ್ಟು ವೇಗದಲ್ಲಿ ಮತ್ತೆ ಮತ್ತೆ ಮಾಡುತ್ತಿತ್ತು!

ನನಗೆ ಜಾಸ್ತಿ ಇಷ್ಟವಾದದ್ದು 2012ರ ಎಡಿನ್‌ಬರೋ ಪ್ರಯೋಗ. 61ರಿಂದ 87 ವರ್ಷದವರಿಗೆ ಎರಡು ಪುಟ್ಟ ಕಥೆ ಕೇಳಿಸಿದರು. ಒಂದರ ನಂತರ ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ, ಇನ್ನೊಂದರ ನಂತರ ಕಂಪ್ಯೂಟರಿನಲ್ಲಿ ವ್ಯತ್ಯಾಸ ಹುಡುಕುವ ಆಟ. ವಾರ ಕಳೆದ ಮೇಲೂ ವಿಶ್ರಾಂತಿಗೆ ಮೊದಲು ಕೇಳಿದ ಕಥೆಯೇ ಹೆಚ್ಚು ನೆನಪಿತ್ತು. ಎಲ್ಲ ಅಧ್ಯಯನಗಳಲ್ಲೂ ಹೀಗೇ ಬಂದಿಲ್ಲ, ಮುಖ್ಯವಾಗಿ ಹರೆಯದವರಲ್ಲಿ. ಆದರೂ ಖರ್ಚಿಲ್ಲದ ಮದ್ದು, ಹೇಳಲು ನನಗೇನೂ ಹಿಂಜರಿಕೆಯಿಲ್ಲ.

ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓದುತ್ತಾ ಬರುವ ಹುಡುಗನಿಗೆ ಹೇಳಿದೆ: ಪಡುಬಿದ್ರಿಯಲ್ಲಿ ಪುಸ್ತಕ ಮುಚ್ಚು. ಮೂಲ್ಕಿ ಬರುವವರೆಗೆ ಕಿಟಕಿ ಆಚೆ ನೋಡು, ದಿನಾ ನೋಡುವ ದಾರಿ ತಾನೇ. ಇಯರ್‌ಫೋನ್ ಬೇಡ. ಓದಿದ್ದನ್ನು ನೆನಪಿಸಿಕೊಳ್ಳಲು ಒದ್ದಾಡಬೇಕಾಗಿಯೂ ಇಲ್ಲ, ಮನಸ್ಸು ಎಲ್ಲಿಗಾದರೂ ಹೋಗಲಿ. ನಿದ್ದೆಗೆಟ್ಟು ಓದಿ ಇದನ್ನು ಮಾಡಿದರೆ ಮಾತ್ರ ಲಾಭ ಕಡಿಮೆ. ಮನೆಯ ಹಿರಿಯರಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು, ಗೊತ್ತಿರುವ ದಾರಿ ತಪ್ಪುವುದು ಶುರುವಾಗಿದ್ದರಂತೂ ಸುಮ್ಮನೆ ಕೂತರೆ ಆಗದು. ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆಯಿಂದ ತನಿಖೆ ಶುರುವಾಗಬೇಕು.

ಕ್ಲಿನಿಕ್ಕಿನಲ್ಲೂ ಒಂದು ಕ್ರಮ ಬದಲಿಸಿದ್ದೇವೆ. ಮಾತ್ರೆ ವಿವರಿಸಿದ ಕೂಡಲೇ ವಯಸ್ಸಾದವರನ್ನು ಬಿಲ್ ಕೌಂಟರಿಗೆ ಓಡಿಸುವುದಿಲ್ಲ. ಮಗನೋ ಸೊಸೆಯೋ ಹೋಗಲಿ. ಇವರು ಟಿವಿ ಇಲ್ಲದ ಮೂಲೆಯ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. ಹೊರಡುವಾಗ ನರ್ಸ್ ಕೇಳುತ್ತಾರೆ, ‘ರಾತ್ರಿಗೆ ಯಾವುದು ಅಜ್ಜಾ?’ ಚೀಟಿಯನ್ನಂತೂ ದೊಡ್ಡ ಅಕ್ಷರದಲ್ಲಿ ಬರೆದೇ ಕೊಡುತ್ತೇನೆ.