ಡಿಸೆಪ್ಶನ್ ಯಾವಾಗ, ಪರ್ಸುಯೇಶನ್ ಯಾವಾಗ?

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ಡಿಸೆಪ್ಶನ್ (ಮೋಸಗೊಳಿಸುವುದು), ಪರ್ಸುಯೇಶನ್ (ಮನವೊಲಿಸುವುದು) ಎಂಬ ಈ ಎರಡು ಸ್ಕಿಲ್‌ಗಳೂ ಕರಿಸ್ಮಾಗೆ, ಅಂದರೆ ಪಾತ್ರದ ವ್ಯಕ್ತಿತ್ವದ ಸೆಳೆತದ ಅಂಕಕ್ಕೆ, ಸೇರಿದವು. ಲೆಕ್ಕವೂ ಒಂದೇ. 20 ಮುಖದ ದಾಳ ಹಾಕಿ, ಕರಿಸ್ಮಾ ಮಾಡಿಫೈಯರ್ (ಆ ಅಂಕದಿಂದ ಬರುವ ಸಂಖ್ಯೆ) ಕೂಡಿಸಿ, ಆ ಸ್ಕಿಲ್ಲಿನಲ್ಲಿ ಪ್ರೊಫಿಷಿಯನ್ಸಿ (ಪಳಗಿದ ಕೈ) ಇದ್ದರೆ ಆ ಬೋನಸ್ಸನ್ನೂ ಸೇರಿಸಬೇಕು. ಅದಕ್ಕೇ ಹೊಸಬರು ಬೋನಸ್ ಜಾಸ್ತಿ ಇರುವ ಸ್ಕಿಲ್ಲನ್ನೇ ಕೇಳುತ್ತಾರೆ. ಆದರೆ ಸ್ಕಿಲ್ ನಿಮ್ಮ ಆಯ್ಕೆಯಲ್ಲ. ಪಾತ್ರ ಏನು ಮಾಡುತ್ತಿದೆ ಅನ್ನುವುದನ್ನು ನೋಡಿ ಆಟ ನಡೆಸುವ ಡಂಜನ್ ಮಾಸ್ಟರ್ ಹೇಳುತ್ತಾರೆ.

ನಾನು ಮೊದಲು ಕೇಳುವ ಪ್ರಶ್ನೆ ಇದು: ತಾನು ಹೇಳುತ್ತಿರುವುದನ್ನು ಪಾತ್ರ ಸ್ವತಃ ನಂಬುತ್ತದೆಯೇ?

ಊರ ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ ಅಂದುಕೊಳ್ಳಿ. "ಒಳಗೆ ನಮ್ಮ ಗೆಳೆಯ ಗಾಯಗೊಂಡು ಬಿದ್ದಿದ್ದಾನೆ, ದಯವಿಟ್ಟು ಬಿಡಿ" ಎಂದು ಪಾತ್ರ ಕೇಳುತ್ತದೆ. ಅದು ನಿಜವಾದರೆ ಪರ್ಸುಯೇಶನ್. ಅಂಥ ಗೆಳೆಯನೇ ಇಲ್ಲದಿದ್ದರೆ ಡಿಸೆಪ್ಶನ್. ಮಾತು ಒಂದೇ, ದನಿಯೂ ಒಂದೇ, ಸ್ಕಿಲ್ ಮಾತ್ರ ಬೇರೆ. ಪಾತ್ರವೇ ಯಾರಿಂದಲೋ ಮೋಸಹೋಗಿ ಈ ಸುಳ್ಳನ್ನು ನಂಬಿದ್ದರೆ? ಆಗಲೂ ಪರ್ಸುಯೇಶನ್ನೇ. ಅದು ಏನನ್ನೂ ಮುಚ್ಚಿಡುತ್ತಿಲ್ಲ, ಅಲ್ವಾ?

ಜಾಸ್ತಿ ಗೊಂದಲ ಆಗುವುದು ಅರ್ಧಸತ್ಯದಲ್ಲಿ. ಕಳ್ಳ ಪಕ್ಕದ ಪೊದೆಯಲ್ಲಿ ಅಡಗಿದ್ದಾನೆ, ಪಾತ್ರಕ್ಕೆ ಅದು ಗೊತ್ತು. ಆದರೂ "ರಸ್ತೆಯಲ್ಲಿ ಯಾರೂ ಓಡಿಹೋಗಲಿಲ್ಲ" ಅನ್ನುತ್ತದೆ. ಒಂದು ಪದವೂ ಸುಳ್ಳಲ್ಲ, ಆದರೆ ಕೇಳಿದವರು ತಪ್ಪು ತಿಳಿಯಲಿ ಅನ್ನುವುದೇ ಉದ್ದೇಶ. ಹಾಗಾಗಿ ಡಿಸೆಪ್ಶನ್. ಕೊಡುವ ಮನಸ್ಸಿಲ್ಲದೆ "ನಾಳೆ ಹಣ ಕೊಡುತ್ತೇನೆ" ಅಂದರೂ ಅಷ್ಟೇ. ಮಾತೇ ಆಡಬೇಕೆಂದಿಲ್ಲ, ವೇಷ ಹಾಕಿ ನಟಿಸಿದರೂ ಡಿಸೆಪ್ಶನ್ ಬೀಳುತ್ತದೆ. ಬೆದರಿಸಿದರೆ ಅದು ಇಂಟಿಮಿಡೇಶನ್, ಆ ದಾರಿಯೇ ಬೇರೆ.

ಎದುರಿನವರ ಕಡೆಯಿಂದಲೂ ನೋಡಿ. ಸುಳ್ಳನ್ನು ಹಿಡಿಯಲು ಕಾವಲುಗಾರನಿಗೆ ಇನ್‌ಸೈಟ್ ಇದೆ, ಅದು ವಿವೇಕದ ಅಂಕವಾದ ವಿಸ್ಡಮ್‌ಗೆ ಸೇರಿದ್ದು. ನಿಮ್ಮ ಡಿಸೆಪ್ಶನ್ ಮೊತ್ತವನ್ನು ಅದರ ಮೊತ್ತದ ಎದುರು ಇಟ್ಟು ನೋಡುತ್ತಾರೆ. ಪರ್ಸುಯೇಶನ್‌ನಲ್ಲಿ ಹಿಡಿಯಲು ಸುಳ್ಳೇ ಇಲ್ಲ. ಅಲ್ಲಿರುವುದು ಅವನು ಒಪ್ಪುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆ ಮಾತ್ರ. 2014ರ ನಿಯಮಗಳಲ್ಲಿ ಇದಕ್ಕೆ ಅಳತೆ ಇದೆ. ಡಿಸಿ ಅಂದರೆ ಗೆಲ್ಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕ. ಸ್ನೇಹದಿಂದಿರುವವನು ಡಿಸಿ 10ಕ್ಕೇ ಸಣ್ಣ ಅಪಾಯ ಒಪ್ಪುತ್ತಾನೆ. ಹಗೆ ಇರುವವನು ಡಿಸಿ 20 ದಾಟಿದರೂ ತನಗೆ ಅಪಾಯವಿಲ್ಲದ ಕೆಲಸವನ್ನಷ್ಟೇ ಮಾಡುತ್ತಾನೆ.

ಇಲ್ಲೊಂದು ಸೂಕ್ಷ್ಮ ಇದೆ, ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ನಂಬುವುದು ಬೇರೆ, ಒಪ್ಪುವುದು ಬೇರೆ. "ನಾವು ರಾಜನ ದೂತರು" ಎಂಬ ಸುಳ್ಳನ್ನು ಕಾವಲುಗಾರ ಪೂರ್ತಿ ನಂಬಬಹುದು. ಆದರೂ "ರಾತ್ರಿ ಬಾಗಿಲು ತೆರೆಯುವಂತಿಲ್ಲ" ಅನ್ನಬಹುದು. ಅವನು ಅನುಮಾನ ಪಡುತ್ತಿರುವುದು ನಿಮ್ಮ ಗುರುತನ್ನೋ, ಅಥವಾ ಬಾಗಿಲು ತೆರೆಯುವುದು ಸರಿಯೋ ಎಂಬುದನ್ನೋ? ಅನುಮಾನ ಎಲ್ಲಿದೆಯೋ ಅಲ್ಲಿಗೆ ದಾಳ ಹಾಕಿಸಿ. ಎರಡಕ್ಕೂ ಹಾಕಿಸಿದರೆ ಆಟಗಾರರು ಸುಮ್ನೆ ಎರಡು ಸಲ ಸೋಲುವ ಅಪಾಯಕ್ಕೆ ಸಿಗುತ್ತಾರೆ.

ಸೋಲಿನ ಫಲವೂ ಬೇರೆಯಾಗಿರಲಿ. ಪರ್ಸುಯೇಶನ್ ಸೋತರೆ ಕಾವಲುಗಾರ "ಆಗಲ್ಲ" ಅನ್ನುತ್ತಾನೆ, ಇನ್ನೊಂದು ದಾರಿ ಹುಡುಕಬಹುದು. ಡಿಸೆಪ್ಶನ್ ಸೋತರೆ ಅವನಿಗೆ ಅನುಮಾನ ಹುಟ್ಟಿರುತ್ತದೆ, ಮುಂದೆ ನಿಜ ಹೇಳಿದರೂ ನಂಬುವುದು ಕಷ್ಟ.

2024ರ ನಿಯಮಗಳಲ್ಲಿ ಇವೆಲ್ಲ ಇನ್‌ಫ್ಲುಯೆನ್ಸ್ ಎಂಬ ಒಂದೇ ಆ್ಯಕ್ಷನ್‌ನೊಳಗೆ ಬಂದಿವೆ. ಎದುರಿನವರು ಹಿಂಜರಿಯುತ್ತಿದ್ದರೆ ಮಾತ್ರ ದಾಳ. ಡಿಸಿ 15, ಅಥವಾ ಅವರ ಇಂಟೆಲಿಜೆನ್ಸ್ ಸ್ಕೋರ್ ಅದಕ್ಕಿಂತ ದೊಡ್ಡದಿದ್ದರೆ ಅದು. ಸೋತರೆ ಅದೇ ರೀತಿಯಲ್ಲಿ ಮತ್ತೆ ಕೇಳಲು ಸಾಮಾನ್ಯವಾಗಿ 24 ಗಂಟೆ ಕಾಯಬೇಕು.