ರಾಂಕಿನ್ ಸೋತದ್ದು ಯುದ್ಧಕ್ಕೋ, ಕಂಪನಿಗೋ?

1918ರ ನವೆಂಬರ್ 5ರಂದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸೆನೆಟ್ ಚುನಾವಣೆ ನಡೆಯಿತು. ಮೊದಲ ಮಹಾಯುದ್ಧ ನಿಲ್ಲಲು ಆರೇ ದಿನ ಬಾಕಿಯಿತ್ತು. ಹಾಲಿ ಸೆನೆಟರ್, ಡೆಮಾಕ್ರಟಿಕ್ ಪಕ್ಷದ ಥಾಮಸ್ ವಾಲ್ಶ್ ಗೆದ್ದರು. ಮೂರನೇ ಸ್ಥಾನಕ್ಕೆ ಇಳಿದವರು ಜನೆಟ್ ರಾಂಕಿನ್. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ.

ಆಕೆ ಸೋತದ್ದೇಕೆ ಎಂದರೆ ಸಿದ್ಧ ಉತ್ತರವೊಂದಿದೆ: ಯುದ್ಧ ಬೇಡವೆಂದು ಮತ ಹಾಕಿದ್ದಕ್ಕೆ. 1917ರ ಏಪ್ರಿಲ್‌ನಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರುವ ನಿರ್ಣಯವನ್ನು ಕೆಳಮನೆಯ 50 ಸದಸ್ಯರು ವಿರೋಧಿಸಿದ್ದರು, ಅವರಲ್ಲಿ ರಾಂಕಿನ್ ಒಬ್ಬರು. ಆದರೆ ಸೆನೆಟ್‌ನಲ್ಲಿ ಹಾಗೆಯೇ ಮತ ಹಾಕಿದ್ದ ಜಾರ್ಜ್ ನಾರಿಸ್, ಅಷ್ಟೇ ರೈತಾಪಿ ರಾಜ್ಯವಾದ ನೆಬ್ರಾಸ್ಕಾದಿಂದ 1918ರಲ್ಲಿ ಮತ್ತೆ ಗೆದ್ದು ಬಂದರು. ಇನ್ನು ರಾಂಕಿನ್, ಯುದ್ಧ ಶುರುವಾದ ಮೇಲೆ ಊರೂರು ತಿರುಗಿ, ಯುದ್ಧಕ್ಕೆ ಹಣ ಕೂಡಿಸುವ ಸರ್ಕಾರಿ ಸಾಲಪತ್ರಗಳಾದ ಲಿಬರ್ಟಿ ಬಾಂಡ್ ಮಾರಿದರು. ಅದೇ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ-ಹಂಗೇರಿ ಮೇಲಿನ ಯುದ್ಧಕ್ಕೆ ಹೂಂ ಅಂದರು ಕೂಡ. ಇದನ್ನು ಆಕೆಯ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ.

ನನ್ನ ಲೆಕ್ಕದಲ್ಲಿ ಕಥೆ ಬ್ಯೂಟ್ ಪಟ್ಟಣದ ತಾಮ್ರದ ಗಣಿಗಳಲ್ಲಿದೆ. 1917ರ ಜೂನ್ 8ರಂದು ಅಲ್ಲಿನ ಸ್ಪೆಕ್ಯುಲೇಟರ್ ಗಣಿಗೆ ಬೆಂಕಿ ಬಿದ್ದು 168 ಜನ ಸತ್ತರು. ಕಾರ್ಮಿಕರು ಮುಷ್ಕರ ಹೂಡಿದರು. ಆಗಸ್ಟ್ 1ರ ನಸುಕಿನಲ್ಲಿ ಫ್ರ್ಯಾಂಕ್ ಲಿಟಲ್ ಎಂಬ ಕಾರ್ಮಿಕ ಸಂಘಟಕನನ್ನು ಮುಸುಕುಧಾರಿಗಳು ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ರಾಂಕಿನ್ ಕಾರ್ಮಿಕರ ಪರ ನಿಂತರು. ಎದುರಿಗಿದ್ದದ್ದು ಅನಕೊಂಡ ತಾಮ್ರ ಕಂಪನಿ. ಮೊಂಟಾನಾದಲ್ಲಿ ಬರೀ ‘ಕಂಪನಿ’ ಎಂದರೆ ಸಾಕಿತ್ತು. ಪತ್ರಿಕೆಗಳೂ ಶಾಸಕರೂ ಅದರ ಮುಷ್ಟಿಯಲ್ಲಿದ್ದರು.

1918ರ ಫೆಬ್ರವರಿಯಲ್ಲಿ ಇದೇ ಶಾಸಕರಿದ್ದ ರಾಜ್ಯ ಶಾಸನಸಭೆ ದೇಶದ್ರೋಹದ ಕಾಯ್ದೆ ತಂದಿತು. ಸರ್ಕಾರವನ್ನೋ ಸೈನ್ಯವನ್ನೋ ಬೈದರೆ ಇಪ್ಪತ್ತು ವರ್ಷದವರೆಗೆ ಜೈಲು. ಹೆಂಡದಂಗಡಿಯಲ್ಲಿ ಆಡಿದ ಮಾತಿಗೂ ಜನ ಒಳಗೆ ಹೋದರು. ಕೆಲ ತಿಂಗಳಲ್ಲಿ ಇಡೀ ದೇಶಕ್ಕೆ ಬಂದ ಇಂಥದೇ ಕಾನೂನಿಗೆ ಮಾದರಿಯಾದದ್ದು ಇದು. ಶಿಕ್ಷೆಗೊಳಗಾದವರಲ್ಲಿ 78 ಮಂದಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ! ಅಷ್ಟೊತ್ತಿಗೆ ಅವರೆಲ್ಲ ಮಣ್ಣಾಗಿದ್ದರು.

ಹಾಗಿದ್ದರೆ ರಾಂಕಿನ್ ಕೆಳಮನೆಯಲ್ಲೇ ಉಳಿಯಬಹುದಿತ್ತಲ್ಲ? 1916ರಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ, ಎರಡು ಸೀಟು. ಎರಡನೇ ಸ್ಥಾನ ಪಡೆದೂ ಆಕೆ ಗೆದ್ದಿದ್ದರು. ಮರುವರ್ಷ ಶಾಸನಸಭೆ ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಸೀಳಿತು. ರಾಂಕಿನ್‌ಗೆ ಉಳಿದದ್ದು ಪಶ್ಚಿಮ ಭಾಗ. ಅಲ್ಲಿ ಡೆಮಾಕ್ರಟರದ್ದೇ ಬಲ, ಈಕೆ ರಿಪಬ್ಲಿಕನ್. ಆದ್ದರಿಂದಲೇ ಇಡೀ ರಾಜ್ಯ ಮತ ಹಾಕುವ ಸೆನೆಟ್ ಚುನಾವಣೆಯತ್ತ ತಿರುಗಿದರು. ಪೂರ್ವದ ಬಯಲಿನಲ್ಲಿ ಬರಗಾಲಕ್ಕೆ ಸಿಕ್ಕ ಗೋಧಿ ಬೆಳೆಗಾರರೂ, ಆಕೆಯ ಹೋರಾಟದಿಂದ 1914ರಲ್ಲಿ ಮತದ ಹಕ್ಕು ಪಡೆದ ಹೆಂಗಸರೂ ಕೈಹಿಡಿದಾರು ಎಂಬ ಎಣಿಕೆ.

ಅಭ್ಯರ್ಥಿಯನ್ನು ಆರಿಸುವ ರಿಪಬ್ಲಿಕನ್ ಪಕ್ಷದೊಳಗಿನ ಚುನಾವಣೆಯಲ್ಲಿ (ಪ್ರೈಮರಿ) ಆಸ್ಕರ್ ಲ್ಯಾನ್‌ಸ್ಟ್ರಮ್ ಎದುರು ಎರಡು ಸಾವಿರಕ್ಕಿಂತ ಕಡಿಮೆ ಮತಗಳಿಂದ ಸೋತರು. ಯುದ್ಧದ ಮತ ಆಕೆಯನ್ನು ಮುಗಿಸಿಬಿಟ್ಟಿತ್ತು ಎನ್ನುವವರು ಈ ಅಂತರವನ್ನೊಮ್ಮೆ ನೋಡಬೇಕು. ಆಮೇಲೆ ನ್ಯಾಷನಲ್ ಪಾರ್ಟಿ ಎಂಬ ಮೂರನೇ ಪಕ್ಷದಿಂದ ನಿಂತು, ಚಲಾವಣೆಯಾದ ಮತಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಪಡೆದರು.

1940ರಲ್ಲಿ ರಾಂಕಿನ್ ಮತ್ತೆ ಕೆಳಮನೆಗೆ ಗೆದ್ದರು, ಅದೂ ಆ ಪಶ್ಚಿಮ ಕ್ಷೇತ್ರದಿಂದಲೇ. ಪರ್ಲ್ ಹಾರ್ಬರ್ ದಾಳಿಯ ಮರುದಿನ ಜಪಾನ್ ವಿರುದ್ಧದ ನಿರ್ಣಯಕ್ಕೆ 388 ಮತ ಬಿದ್ದವು, ವಿರೋಧವಾಗಿ ಒಂದೇ ಒಂದು. ಅದು ಆಕೆಯದು. ಈ ಸಲ ಮಾತ್ರ ಯುದ್ಧದ ಮತವೇ ಸೀಟು ಕಿತ್ತುಕೊಂಡಿತು: 1942ರಲ್ಲಿ ಆಕೆ ನಿಲ್ಲಲೇ ಇಲ್ಲ.