ಯಾವುದಕ್ಕಿಂತ ಕಡಿಮೆ ಹೊಗೆ?

ದಾವಣಗೆರೆಯ ಒಂದು ಮಂಡಕ್ಕಿ ಅಂಗಡಿಯಲ್ಲಿ ನಾನು, ನಮ್ಮ ಭಾವ ಕೂತಿದ್ದೆವು. ಭಾವ ಚನ್ನಗಿರಿ ಕಡೆಯವರು, ಅಡಿಕೆ ತೋಟ ಇದೆ. ಈ ಸಲ ದೊಡ್ಡ ಗಾಡಿ ತಗೋಬೇಕು ಅಂತ ಮನಸ್ಸು ಮಾಡಿದ್ದರು. ಮಿರ್ಚಿ ಕೆಳಗೆ ಹಾಸಿದ್ದ ಪೇಪರಿನಲ್ಲೇ ಒಂದು ಜಾಹೀರಾತು. ದಟ್ಟ ಕಾಡು, ಹೊಳೆ, ನಡುವೆ ಆಳೆತ್ತರದ ಎಸ್‌ಯುವಿ. ಕಡಿಮೆ ಹೊಗೆ, ಹಸಿರು ಪಯಣ ಅಂತ ದಪ್ಪ ಅಕ್ಷರ, ಪಕ್ಕದಲ್ಲೊಂದು ನಕ್ಷತ್ರದ ಗುರುತು. ಆ ನಕ್ಷತ್ರದ ವಿವರ ಪುಟದ ತಳದಲ್ಲಿ ಇರುವೆ ಸಾಲಿನ ಹಾಗಿತ್ತು. ಎಣ್ಣೆ ಇಳಿದು ಅದನ್ನು ಓದೋಕೂ ಆಗುತ್ತಿರಲಿಲ್ಲ.

"ನೋಡು, ಗಾಡೀನೂ ದೊಡ್ಡದು, ಪರಿಸರಕ್ಕೂ ಒಳ್ಳೇದು" ಅಂದರು ಭಾವ.

"ಯಾವುದಕ್ಕಿಂತ ಕಡಿಮೆ ಅಂತ ಬರೆದೇ ಇಲ್ಲವಲ್ಲ ಭಾವ" ಅಂದೆ. ಪೇಪರಿನ ಅಂಚಿನಲ್ಲೇ ಲೆಕ್ಕಕ್ಕೆ ಕೂತೆವು.

ಒಂದು ಲೀಟರ್ ಪೆಟ್ರೋಲ್ ತೂಕ ಹೆಚ್ಚುಕಮ್ಮಿ ಮುಕ್ಕಾಲು ಕೆಜಿ. ಅದು ಉರಿದರೆ ಹೊರಗೆ ಬರುವ ಇಂಗಾಲದ ಡೈಆಕ್ಸೈಡ್ ಮಾತ್ರ ಸುಮಾರು 2.3 ಕೆಜಿ. ಮುಕ್ಕಾಲು ಕೆಜಿ ಹಾಕಿದರೆ ಎರಡು ಕೆಜಿಗೂ ಜಾಸ್ತಿ ಹೇಗೆ ಬಂತು ಅಂತ ಭಾವನಿಗೆ ಅನುಮಾನ. ಮಿಕ್ಕ ತೂಕ ಗಾಳಿಯಿಂದ ಬಂದದ್ದು. 12 ಗ್ರಾಂ ಇಂಗಾಲ ಉರಿಯುವಾಗ ಗಾಳಿಯಲ್ಲಿರುವ 32 ಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡು 44 ಗ್ರಾಂ ಆಗುತ್ತದೆ. ಡೀಸೆಲ್ ಆದರೆ ಲೀಟರಿಗೆ ಸುಮಾರು 2.7 ಕೆಜಿ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಲೀಟರಿಗೆ 10 ಕಿಲೋಮೀಟರ್ ಕೊಡುವ ದೊಡ್ಡ ಡೀಸೆಲ್ ಗಾಡಿಗೆ 6 ಲೀಟರ್ ಬೇಕು, ಅಂದರೆ 16 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರಿಗೆ 20 ಕೊಡುವ ಸಣ್ಣ ಪೆಟ್ರೋಲ್ ಕಾರಿಗೆ 3 ಲೀಟರ್, ಅಂದರೆ 7 ಕೆಜಿ. ಈಗ ದೊಡ್ಡ ಗಾಡಿಯ ಹೊಸ ಮಾಡೆಲ್ ಹಳೆಯದಕ್ಕಿಂತ 20 ಪರ್ಸೆಂಟ್ ಕಡಿಮೆ ಉಗುಳುತ್ತದೆ ಅಂತ ಇಟ್ಟುಕೊಳ್ಳಿ. ಆಗಲೂ ಸುಮಾರು 13 ಕೆಜಿ. ಜಾಹೀರಾತಿನಲ್ಲಿ ಸುಳ್ಳಿಲ್ಲ. ಆದರೆ ಪಕ್ಕದ ಸಣ್ಣ ಕಾರಿನ ಹೆಚ್ಚುಕಮ್ಮಿ ಎರಡರಷ್ಟಾಯಿತು, ಅಲ್ವಾ?

ಇದಕ್ಕೆಲ್ಲ ಮೂಲ ತೂಕ. ನಿಂತ ಗಾಡಿಯನ್ನು ವೇಗಕ್ಕೆ ತರಲು ಎಷ್ಟು ಶಕ್ತಿ ಬೇಕು ಅನ್ನುವುದು ಅದರ ತೂಕದ ಮೇಲೆ ನಿಂತಿದೆ. ಎರಡೂವರೆ ಟನ್ ಗಾಡಿಗೆ ಒಂದು ಟನ್ ಕಾರಿನ ಎರಡೂವರೆಯಷ್ಟು ಶಕ್ತಿ ಬೇಕು. ಟೋಲ್ ಗೇಟ್ ಬಂತು, ಬ್ರೇಕ್ ಒತ್ತಿದಿರಿ, ಅಷ್ಟೂ ಬಿಸಿಯಾಗಿ ಹೋಯಿತು. ಎಂಜಿನ್ ಜೊತೆ ಬ್ಯಾಟರಿ, ಮೋಟರೂ ಇರುವ ಹೈಬ್ರಿಡ್ ಗಾಡಿ ಅದರಲ್ಲಿ ಒಂದಿಷ್ಟನ್ನು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಒಳ್ಳೆಯ ಉಪಾಯವೇ. ಆದರೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬ್ರೇಕೇ ಕಡಿಮೆ. ಅಲ್ಲಿ ಗಾಡಿ ಹೆಚ್ಚಾಗಿ ಸೆಣಸುವುದು ಗಾಳಿಯ ಜೊತೆ. ಎತ್ತರದ, ಅಗಲ ಮೂತಿಯ ಗಾಡಿಗೆ ಆ ಕೆಲಸವೂ ಜಾಸ್ತಿ.

ಇಂಥ ಮಾತು ಹೊಸದೇನಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಲೆಕ್ಸಸ್‌ನ ಒಂದು ಹೈಬ್ರಿಡ್ ಎಸ್‌ಯುವಿಗೆ ಹೊಗೆ ಕಡಿಮೆ, ಪಾಪಪ್ರಜ್ಞೆ ಸೊನ್ನೆ ಅನ್ನುವ ಅರ್ಥದ ಜಾಹೀರಾತು ಬಂತು. ಅಲ್ಲಿನ ಜಾಹೀರಾತು ಮಂಡಳಿ ಅದನ್ನು ತಡೆಯಿತು. ಆ ಗಾಡಿ ಕಿಲೋಮೀಟರಿಗೆ 192 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತಿತ್ತು. ಅದೇ ಕಂಪನಿ ಬಳಗದ ಹೈಬ್ರಿಡ್ ಕಾರು ಟೊಯೋಟಾ ಪ್ರಿಯಸ್ ಬಿಡುತ್ತಿದ್ದದ್ದು 104 ಗ್ರಾಂ. ದೊಡ್ಡ ಗಾಡಿಗಳ ಸಾಲಿನಲ್ಲಿ ಅದು ಕಡಿಮೆ ಇರಬಹುದು, ಓದುವವರು ಎಲ್ಲ ಕಾರುಗಳಿಗಿಂತ ಕಡಿಮೆ ಅಂತ ತಿಳಿಯುತ್ತಾರೆ. ಇನ್ನು ಪ್ಲಗ್-ಇನ್ ಹೈಬ್ರಿಡ್, ಅಂದರೆ ಪ್ಲಗ್ಗಿಗೆ ಹಾಕಿಯೂ ಬ್ಯಾಟರಿ ಚಾರ್ಜ್ ಮಾಡಬಹುದಾದ ಹೈಬ್ರಿಡ್. ಇವುಗಳ ಲೆಕ್ಕ ನಿಂತಿರುವುದೇ ದಿನಾ ಚಾರ್ಜ್ ಮಾಡುತ್ತಾರೆ ಅನ್ನುವ ನಂಬಿಕೆ ಮೇಲೆ. ರಸ್ತೆಯ ಮೇಲೆ ಓಡುವ ಗಾಡಿಗಳಿಂದಲೇ ಅಂಕಿ ತೆಗೆದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಪ್ಲಗ್-ಇನ್ ಗಾಡಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಲ್ಯಾಬಿನ ಅಂಕಿಯ ಸರಾಸರಿ ಮೂರೂವರೆ ಪಟ್ಟು ಇತ್ತು. ಮೂರೂವರೆ ಪಟ್ಟು!

"ಹಾಗಾದ್ರೆ ಕರೆಂಟ್ ಗಾಡಿ ತಗೊಂಡ್ರಾಯ್ತು ಬಿಡು. ದುರ್ಗದ ಗುಡ್ಡದ ಮೇಲೆ ಅಷ್ಟೊಂದು ಫ್ಯಾನು ತಿರುಗ್ತಾವೆ" ಅಂದರು ಭಾವ.

ಹೈವೇಯಲ್ಲಿ ಹೋಗುವಾಗ ಆ ಗಾಳಿಯಂತ್ರಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಆ ಕರೆಂಟು ನೇರ ನಮ್ಮ ಪ್ಲಗ್ಗಿಗೆ ಬರುವುದಿಲ್ಲ. ಇಡೀ ದೇಶದ ಗ್ರಿಡ್ ಒಂದೇ ಕೆರೆ ಇದ್ದ ಹಾಗೆ. ಗಾಳಿಯದ್ದು, ಬಿಸಿಲಿನದ್ದು, ಕಲ್ಲಿದ್ದಲಿನದ್ದು ಎಲ್ಲ ಅದರಲ್ಲೇ ಬೆರೆಯುತ್ತದೆ. ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ದೊಡ್ಡ ಕರೆಂಟ್ ಗಾಡಿ 60 ಕಿಲೋಮೀಟರಿಗೆ 15 ಯೂನಿಟ್ ತಿಂದರೆ ಹತ್ತು ಕೆಜಿ ದಾಟಿತು. ಡೀಸೆಲ್‌ನ 16 ಕೆಜಿಗಿಂತ ಖಂಡಿತ ಒಳ್ಳೆಯದು. ಸಣ್ಣ ಕರೆಂಟ್ ಕಾರಿಗೆ ಏಳೆಂಟು ಯೂನಿಟ್ ಸಾಕು, ಐದು ಕೆಜಿಯ ಆಸುಪಾಸು. ಅಮೆರಿಕದ ಹಮ್ಮರ್ ಕರೆಂಟ್ ಗಾಡಿಯ ಬ್ಯಾಟರಿಯೊಂದೇ 1,300 ಕೆಜಿ ತೂಗುತ್ತದೆ. ಒಂದಿಡೀ ಸಣ್ಣ ಕಾರಿಗಿಂತ ಜಾಸ್ತಿ! ಹೊಗೆ ಸೊನ್ನೆ ಅನ್ನುವುದು ಸೈಲೆನ್ಸರ್ ಇಲ್ಲ ಅನ್ನುವಷ್ಟರ ಮಟ್ಟಿಗೆ ನಿಜ.

ದಾವಣಗೆರೆಯವರಿಗೆ ಇನ್ನೊಂದು ಚಿಂತೆ ಇದೆ. ಕೇಂದ್ರ ಸರ್ಕಾರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಗಾಳಿ ಕೆಟ್ಟ ಊರುಗಳು ಅಂತ ಅದರಲ್ಲಿ ಗುರುತಿಸಿದ ಕರ್ನಾಟಕದ ನಾಲ್ಕರಲ್ಲಿ ನಮ್ಮದೂ ಒಂದು. ಇಲ್ಲಿನ ದೊಡ್ಡ ತೊಂದರೆ ಧೂಳು. ಬೆಳಿಗ್ಗೆ ಒರೆಸಿದ ಬೈಕಿನ ಸೀಟಿನ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ರಸ್ತೆಯ ಮಣ್ಣು ಮೇಲೇಳುತ್ತದೆ, ಟೈರ್ ಸವೆದ ಪುಡಿಯೂ ಅದರಲ್ಲಿ ಸೇರುತ್ತದೆ. ಪೆಟ್ರೋಲೋ ಕರೆಂಟೋ, ತೂಕದ ಗಾಡಿಯ ಟೈರು ಬೇಗ ಸವೆಯುತ್ತದೆ. ಹಸಿರು ಜಾಹೀರಾತಿನಲ್ಲಿ ಈ ಪುಡಿಯ ಮಾತನ್ನು ನಾನಂತೂ ಒಮ್ಮೆಯೂ ಓದಿಲ್ಲ.

ಕೇಳುವ ಹಕ್ಕು ನಮಗೆ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇದಕ್ಕೆಂದೇ ಮಾರ್ಗಸೂಚಿ ತಂದಿದೆ. ಹಸಿರು, ಪರಿಸರಸ್ನೇಹಿ ಅಂತ ಸುಮ್ನೆ ಹೇಳುವ ಹಾಗಿಲ್ಲ, ಪುರಾವೆ ಬೇಕು. ಹೋಲಿಕೆ ಮಾಡಿದರೆ ಪರೀಕ್ಷಿಸಬಹುದಾದ ಅಂಕಿ ಕೊಡಬೇಕು. ಅನುಮಾನ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಭಾವ ಲೆಕ್ಕ ಬರೆದಿದ್ದ ಅಂಚನ್ನು ಹರಿದು ಜೇಬಿಗೆ ಇಟ್ಟುಕೊಂಡರು. ವಾರದ ಮೇಲೆ ಫೋನ್ ಬಂತು. "ಶೋರೂಮಲ್ಲಿ ಗಾಡಿ ತೂಕ ಎಷ್ಟು ಅಂತ ಕೇಳಿದೆ ಕಣೋ. ಆ ಹುಡುಗ ಪುಸ್ತಕವೆಲ್ಲ ತಿರುವಿ ಕೊನೇ ಪುಟದಲ್ಲಿ ಹುಡುಕಿ ಕೊಟ್ಟ. 2,300 ಕೆಜಿಯಂತೆ. ಭಾನುವಾರ ಬಾ, ಇನ್ನೊಂದೆರಡರ ತೂಕ ಕೇಳ್ಕೊಂಡು ಬರೋಣ."